ಅಮ್ಮನ ವಾರಾನ್ನ

ಅಪ್ಪನ ವೈಕುಂಠ ಸಮಾರಾಧನೆ ಮುಗಿದ ಸಂಜೆ, ಮಿಕ್ಕ ಲಾಡುಗಳ ಡಬರಿಯನ್ನು ನಡುವೆ ಇಟ್ಟುಕೊಂಡು, ಮೈಸೂರಿನ ಮನೆಯ ಹಾಲ್‌ನಲ್ಲಿ ನಾವು ಮೂವರು ಮಕ್ಕಳು ಅಮ್ಮನನ್ನು ಹಂಚಿಕೊಂಡೆವು. ಚಳಿಗಾಲ ಪುಣೆಯ ಅಣ್ಣನಿಗೆ, ಬೇಸಿಗೆ ಬೆಂಗಳೂರಿನ ನನಗೆ, ಉಳಿದದ್ದು ಅಮೆರಿಕದ ತಂಗಿಗೆ. ಅಣ್ಣ ಲೆಕ್ಕಪತ್ರದ ಮನುಷ್ಯ. ಲ್ಯಾಪ್‌ಟಾಪಿನಲ್ಲಿ ಪಟ್ಟಿಯನ್ನೇ ಮಾಡಿಬಿಟ್ಟ, ಅಮ್ಮನಿಗೆ ಹಸಿರು ಬಣ್ಣ ಕೊಟ್ಟಿದ್ದ. ಅಡುಗೆಮನೆಯಿಂದ ಬಂದ ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಅದನ್ನು ನೋಡಿದಳು.

"ಇದೇನ್ರೋ, ನನಗೆ ವಾರಾನ್ನ ಗೊತ್ತು ಮಾಡಿದ್ದೀರಾ?"

ಅಷ್ಟೇ. ಆಮೇಲೆ ಲಾಡುಗಳನ್ನು ಮೂರು ಪಾಲು ಮಾಡಿ, ಮೂರು ಡಬ್ಬಿಗೆ ತುಂಬಿ, ನಮ್ಮ ಬಸ್ಸು ವಿಮಾನಗಳ ಹೊತ್ತು ವಿಚಾರಿಸಿದಳು.

ನಾಲ್ಕು ವರ್ಷದ ಮೇಲೆ ಬಿಬಿಸಿಯವರು 1986ರಲ್ಲಿ ಮಾಡಿದ 'ಆಲ್ ಪ್ಯಾಶನ್ ಸ್ಪೆಂಟ್' ಎಂಬ ಮೂರು ಕಂತಿನ ನಾಟಕ ನನ್ನ ಕೈಗೆ ಬಿತ್ತು. ಮೂಲ, ವೀಟಾ ಸ್ಯಾಕ್‌ವಿಲ್-ವೆಸ್ಟ್ 1931ರಲ್ಲಿ ಬರೆದ ಕಾದಂಬರಿ. ಅದನ್ನು ಪ್ರಕಟಿಸಿದ್ದು ವರ್ಜೀನಿಯಾ ವುಲ್ಫ್ ದಂಪತಿಗಳ ಹೊಗಾರ್ತ್ ಪ್ರೆಸ್. ಶುರುವಾಗುವುದೇ ಲಾರ್ಡ್ ಸ್ಲೇನ್ ಎಂಬ ದೊಡ್ಡ ಮನುಷ್ಯನ ಸಾವಿನಿಂದ. ಈತ ಹಿಂದೊಮ್ಮೆ ಇಂಡಿಯಾದ ವೈಸರಾಯ್, ಇಂಗ್ಲೆಂಡಿನ ಪ್ರಧಾನಿ. ಆರು ಮಕ್ಕಳು, ಅವರೂ ಮುದುಕರೇ, ತಾಯಿಯನ್ನು ಯಾರ ಮನೆಯಲ್ಲಿ ಎಷ್ಟು ತಿಂಗಳು ಇಟ್ಟುಕೊಳ್ಳುವುದು, ಖರ್ಚಿಗೇನು ಎಂದು ಸಭೆ ಸೇರುತ್ತಾರೆ. ಅಲ್ಲಿ ಲಾಡು ಇರಲಿಲ್ಲ ಎನ್ನುವುದೊಂದೇ ವ್ಯತ್ಯಾಸ. ನಾನು ಆ ವಾರವೇ ಮೈಸೂರಿಗೆ ಹೋಗಿ ಅಮ್ಮನಿಗೆ ಅದನ್ನು ತೋರಿಸಿದೆ. ಯಾಕೆ ತೋರಿಸಿದೆನೋ! ಪ್ರಾಯಶ್ಚಿತ್ತ ಅಂದುಕೊಂಡಿರಬೇಕು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿದವಳು, ಇಂಗ್ಲಿಷ್ ಅವಳಿಗೆ ತೊಡಕಲ್ಲ. ಸಭೆಯ ದೃಶ್ಯ ಮುಗಿಯುವ ತನಕ ಅವಳು ಪರದೆ ನೋಡಿದ್ದಕ್ಕಿಂತ ನನ್ನನ್ನು ನೋಡಿದ್ದೇ ಹೆಚ್ಚು.

ಮುಂದಿನದು ಒಡವೆ. ವೈಸರಾಯ್ ಹೆಂಡತಿಯ ಒಡವೆ ಎಂದರೆ ಕೇಳಬೇಕೇ! ಹೇಗೆ ಪಾಲಾಗುತ್ತದೋ ಎಂದು ಮಕ್ಕಳು ಸೊಸೆಯರೆಲ್ಲ ಉಸಿರು ಬಿಗಿಹಿಡಿದಿರುವಾಗ, ಲೇಡಿ ಸ್ಲೇನ್ ಹಳೇ ಸೀರೆ ದಾಟಿಸಿದ ಹಾಗೆ ಅಷ್ಟನ್ನೂ ಹಿರೀ ಸೊಸೆ ಮೇಬಲ್‌ಗೆ ಕೊಟ್ಟುಬಿಡುತ್ತಾಳೆ.

"ಎಲ್ಲಾ ಒಬ್ಬಳಿಗೇ?" ಅಮ್ಮ ನೆಟ್ಟಗೆ ಕೂತಳು. "ಬುದ್ಧಿವಂತೆ. ಇನ್ನು ಜಗಳ ಅವರವರದು."

ಬದುಕೆಲ್ಲ ಗಂಡನ ಮಾತಿಗೆ ತಲೆಯಾಡಿಸಿದ ಆ ಮುದುಕಿ, ಮಕ್ಕಳ ಪಟ್ಟಿಗೆ ಮಾತ್ರ ಒಲ್ಲೆ ಎಂದಳು. ಕೂಗಲಿಲ್ಲ, ಅಳಲಿಲ್ಲ. ಮೂವತ್ತು ವರ್ಷದ ಕೆಳಗೆ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಒಂದು ಮನೆ ಕಂಡಿದ್ದೆ, ಅಲ್ಲಿರುತ್ತೇನೆ ಎಂದಳು. ಮಗಳು ಕ್ಯಾರಿ ಜೊತೆಗೆ ಬರುತ್ತೇನೆಂದರೂ ಬೇಡವೆಂದು, ನೆಲದಡಿಯ ರೈಲು ಹತ್ತಿ ಒಬ್ಬಳೇ ಹೋದಳು. ಕಾದಂಬರಿಯಲ್ಲಿ ಅವಳಿಗೆ 88. ಮನೆ ಮಾಲೀಕ ಬಕ್‌ಟ್ರೌಟ್ ವಿಚಿತ್ರ ಆಸಾಮಿ. ಪ್ರಪಂಚ ಬೇಗನೇ ಮುಗಿಯುತ್ತದೆ ಎಂದು ಗಣಿತ ಹಾಕಿ ಕೂತವನು, ದೀರ್ಘಾವಧಿ ಕರಾರಿನಲ್ಲಿ ಅವನಿಗೆ ನಂಬಿಕೆಯಿಲ್ಲ. ಬಾಡಿಗೆದಾರಳಿಗೂ ಅದು ಬೇಕಿರಲಿಲ್ಲ. ಇಬ್ಬರಿಗೂ ಚೆನ್ನಾಗಿ ಹೊಂದಿಕೊಂಡಿತು.

ಅಲ್ಲಿ ಅವಳದೊಂದು ಕಟ್ಟಳೆ: ಹುಟ್ಟಿಗಿಂತ ಸಾವಿಗೆ ಹತ್ತಿರವಿರುವವರು ಮಾತ್ರ ಬರಬೇಕು, ಮೊಮ್ಮಕ್ಕಳು ಮರಿಮಕ್ಕಳು ಬರಕೂಡದು.

"ಅದು ಮಾತ್ರ ಅತಿಯಾಯ್ತು," ಎಂದಳು ಅಮ್ಮ. ಸ್ವಲ್ಪ ಹೊತ್ತು ಬಿಟ್ಟು, "ಊಟಕ್ಕೆ ಬರಲಿ. ಉಳಿಯೋದು ಬೇಡ" ಎಂದು ತಿದ್ದಿದಳು. ಆಮೇಲೆ ಫ್ರೆಂಚ್ ಕೆಲಸದಾಕೆ ಜನೂಳನ್ನು ತೋರಿಸಿ, "ಇವಳು ಹಗಲೂ ರಾತ್ರಿ ಇರ್ತಾಳಲ್ಲ, ಮತ್ತೆ ಒಂಟಿ ಎಲ್ಲಿಂದ ಬಂತು? ನಮ್ಮ ಕೆಲಸದವಳು ಒಂದು ಗಂಟೆ ಬಂದ್ರೆ ಹೆಚ್ಚು" ಎಂದಳು. ವಿಮರ್ಶಕರು ಈ ಮಾತು ಎತ್ತಿದ್ದನ್ನು ನಾನು ಓದಿಲ್ಲ.

ಲೇಡಿ ಸ್ಲೇನ್ ಪಾತ್ರ ವೆಂಡಿ ಹಿಲ್ಲರ್ ಅವರದು. 1938ರ 'ಪಿಗ್ಮೇಲಿಯನ್' ಚಿತ್ರದಲ್ಲಿ ಹೂ ಮಾರುವ ಎಲೈಜಾ ಆಗಿದ್ದವರು. ಹುಟ್ಟಿದ್ದು 1912ರ ಆಗಸ್ಟ್ 15! ವೈಸರಾಯ್ ಹೆಂಡತಿಯಾಗಲು ಎಂಥ ಜನ್ಮದಿನ ಎಂದು ನಾನು ನಗಾಡಿದೆ. ಅಮ್ಮ ನಗಲಿಲ್ಲ. ತೆರೆಯ ಮೇಲೆ ಫಿಟ್ಜ್‌ಜಾರ್ಜ್ ಬಂದು ಕೂತಿದ್ದ. ಜಿಪುಣ, ಬ್ರಹ್ಮಚಾರಿ, ಕಲಾವಸ್ತು ಕೂಡಿಡುವವನು. ಯೌವನದಲ್ಲಿ ಫತೇಪುರ್ ಸಿಕ್ರಿಯಲ್ಲಿ ಲೇಡಿ ಸ್ಲೇನಳನ್ನು ಕಂಡು, ಮಾತಾಡದೆ ಇಡೀ ಆಯುಷ್ಯ ಕಳೆದವನು. ನೀನು ಚಿತ್ರ ಬರೆಯಬೇಕಾಗಿದ್ದವಳು, ನಿನಗೆ ನೀನೇ ಮೋಸ ಮಾಡಿಕೊಂಡೆ ಎನ್ನುತ್ತಾನೆ. ಹುಡುಗಿಯಾಗಿದ್ದಾಗ ಅವಳ ಆಸೆ ಅದೊಂದೇ. ಮದುವೆಯಾಯಿತು, ಆಮೇಲೆ ದರ್ಬಾರು, ಔತಣ, ಮಕ್ಕಳು.

"ಗಂಡ ಕೆಟ್ಟವನಲ್ಲ, ಪಾಪ," ಎಂದಳು ಅಮ್ಮ. "ಕೇಳಲಿಲ್ಲ, ಅಷ್ಟೇ."

ಅಪ್ಪನ ಫೋಟೋ ನಮ್ಮ ಬೆನ್ನ ಹಿಂದಿತ್ತು. ನಾನು ತಿರುಗಲಿಲ್ಲ.

ಫಿಟ್ಜ್‌ಜಾರ್ಜ್ ಸತ್ತ. ತನ್ನದೆಲ್ಲವನ್ನೂ ಅವಳ ಹೆಸರಿಗೆ ಬರೆದಿಟ್ಟಿದ್ದ. ಅವಳು ಅದನ್ನೂ ದಾನ ಮಾಡಿ ಮಕ್ಕಳ ಹೊಟ್ಟೆಗೆ ಬೆಂಕಿ ಇಟ್ಟಳು. ಅಮ್ಮನಿಗೆ ಅದಲ್ಲ ಮುಖ್ಯ.

"ಕೊನೆಗಾದರೂ ಚಿತ್ರ ಬರೆದಳೇನೋ?"

"ಇಲ್ಲಮ್ಮ, ಒಂದೂ ಬರೆಯಲಿಲ್ಲ."

"ಒಳ್ಳೇದಾಯ್ತು. ಬರೆದಿದ್ದರೆ ಮಕ್ಕಳು ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತಗುಲಿಹಾಕಿ, ನಮ್ಮಮ್ಮ ಬರೆದದ್ದು ಅಂತ ಬಂದೋರಿಗೆಲ್ಲ ತೋರಿಸೋರು."

ಹಾಲ್‌ನ ಗೋಡೆಯ ಮಾತು ಬಂತಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. ಹೋದ ಯುಗಾದಿಗೆ ನಾವು ಮೂವರೂ ದುಡ್ಡು ಹಾಕಿ ಅಲ್ಲೊಂದು ಕ್ಯಾಮೆರಾ ಹಾಕಿಸಿದೆವು. ಅಮ್ಮ ಬಿದ್ದುಗಿದ್ದರೆ ಗೊತ್ತಾಗಲಿ ಎಂದು. ನಮ್ಮ ಮನೆಯ ಕ್ಯಾರಿ ನಾನೇ. ಆಫೀಸಿನಲ್ಲಿ ಗಂಟೆಗೊಮ್ಮೆ ಫೋನ್ ತೆಗೆದು ನೋಡುತ್ತಿದ್ದೆ. ಮೂರನೇ ದಿನ ಬರೀ ಬಿಳೀ ಬಣ್ಣ. ಕೆಟ್ಟಿತೆಂದು ಗಾಬರಿಯಾಗಿ ಫೋನ್ ಮಾಡಿದರೆ, "ಕ್ಯಾಲೆಂಡರ್ ತಗುಲಿಹಾಕಿದೀನಿ ಕಣೋ. ಈ ಗೋಡೆಗೆ ಮೊಳೆ ಹೊಡೆಯೋರು ಯಾರಿದ್ದಾರೆ? ಅದು ಹೇಗೂ ಇತ್ತಲ್ಲ."

ಈಗಲೂ ಅಲ್ಲೇ ಇದೆ. ಒಂದನೇ ತಾರೀಕು ಹಾಳೆ ಮಗುಚಲು ಕ್ಯಾಲೆಂಡರ್ ಇಳಿಸುತ್ತಾಳೆ. ಆಗ ಅರ್ಧ ನಿಮಿಷ, ಕನ್ನಡಕ ಹಣೆಗೇರಿಸಿಕೊಂಡು ಹಬ್ಬ ಹರಿದಿನ ಹುಡುಕುತ್ತಿರುವ ಅಮ್ಮ ಫೋನಿನಲ್ಲಿ ಕಾಣುತ್ತಾಳೆ.