ಎಣ್ಣೆಯ ಕೈ

1915ರಲ್ಲಿ ಅಶೋಕನ ಹೆಸರುಳ್ಳ ಶಾಸನವು ದೊರೆತ ಮಸ್ಕಿಗೆ ಪಂಡಿತರು ಬರುವುದು ಆ ಬಂಡೆಯನ್ನು ನೋಡಲು. ಒಕ್ಕಲಿಗರು ಬರುವುದು ಮೈ ನೀವುವವನೊಬ್ಬನ ಚಿಕ್ಕ ಮನೆಗೆ. ಸಿಂಧನೂರಿನ ಕಡೆ ಭತ್ತದ ಚೀಲಗಳನ್ನು ಹೊತ್ತು ನಡು ಹಿಡಿದ ಮುದುಕನೊಬ್ಬನು ಅಲ್ಲಿಗೆ ಬಂದನು. ಎಳ್ಳೆಣ್ಣೆಯು ಬೆಚ್ಚಗಾಗುತ್ತಿದ್ದಿತು.

"ಉಂಡದ್ದು ಅರಗೈತೇನಜ್ಜಾ?" ಎಂಬುದೇ ಮೊದಲ ಪ್ರಶ್ನೆ. ಅಜೀರ್ಣವುಳ್ಳವರಿಗೆ ಅಭ್ಯಂಗವು ಸಲ್ಲದೆಂದು ವಾಗ್ಭಟನು ಅಷ್ಟಾಂಗಹೃದಯದಲ್ಲಿ ವಿಧಿಸಿರುವನು. ಅಕ್ಷರವರಿಯದ ಈತನಿಗೆ ಅದನ್ನು ಕಲಿಸಿದವರಾರೋ!

ಮುದುಕನ ಎಡಗಾಲಿಗೆ ಸ್ಪರ್ಶವೇ ತಿಳಿಯದೆಂದು ಕಂಡೊಡನೆ ಆತನು ಕೈಯೊರಸಿಕೊಂಡು, "ಇದು ನನ್ನ ಕೈಯಾಗಿನ ಮಾತಲ್ಲ, ಇವತ್ತೇ ಲಿಂಗಸುಗೂರಿನ ದವಾಖಾನಿಗೆ ಹೋಗಜ್ಜಾ" ಎಂದನು. ಅಷ್ಟು ದೂರ ನಂಬಿ ಬಂದಿದ್ದ ಮುದುಕನ ಮುಖವು ಬಾಡಿತು. ಕೊಡಹೋದ ಹಣವನ್ನು ಆತನು ಮುಟ್ಟಲಿಲ್ಲ. ತಾನೇ ತೋಳು ಹಿಡಿದು ನಡೆಸಿ ಬಸ್ಸು ಹತ್ತಿಸಿದನು.