ಮೊದಲ ಮಾತು

ಕೃಷ್ಣೆಯ ದಡದ ಗೂಗಲ್‌ನಲ್ಲಿ ಸ್ತ್ರೀಶಕ್ತಿ ಸಂಘಕ್ಕೆ ನಾನು ಲೆಕ್ಕ ಬರೆದುಕೊಡುತ್ತಿದ್ದೆ. ಹದಿನೈದು ಮಂದಿ ಸೇರಿದರೂ ಹಿರಿಯಳೊಬ್ಬಳು ಮೊದಲು ಆಡಿದ್ದೇ ಎಲ್ಲರ ಮಾತು. ಒಪ್ಪದವಳು ಆಮೇಲೆ ದಾರಿಯಲ್ಲಿ ನನ್ನ ಕಿವಿಯಲ್ಲಿ ಉಸುರುವಳು!

ಗಂಡನನ್ನು ಕಳೆದುಕೊಂಡ ಹರೆಯದವಳೊಬ್ಬಳು ಹೊಲಿಗೆ ಮಷೀನಿಗೆ ಸಾಲ ಕೇಳಿದಳು. "ಆಕಿ ಹೆಂಗ ತೀರಿಸ್ತಾಳ?" ಎಂದಳು ಹಿರಿಯಳು. ತಲೆಗಳೆಲ್ಲ ಹೌದೆಂದು ಅಲ್ಲಾಡಿದವು. ಮೂಲೆಯಿಂದ ಒಬ್ಬಳು, "ಯಾಕ ತೀರ್ಸಂಗಿಲ್ಲ ದೊಡ್ಡವ್ವ? ಒಂದ್ವಾರನಾ ಉಳಿತಾಯ ತಪ್ಪಿಸ್ಯಾಳೇನು?" ಎಂದಳು. ಅಷ್ಟೇ, ಮತ್ತೆ ನಾಲ್ವರಿಗೆ ಬಾಯಿ ಬಂತು.

ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲಮನ್ ಆಶ್ 1951ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಹೀಗೇ. ಗೆರೆಗಳ ಉದ್ದ ಕೇಳಿದಾಗ ಉಳಿದವರೆಲ್ಲ ಬೇಕೆಂದೇ ತಪ್ಪು ಹೇಳಿದರೆ, ಮೂರರಲ್ಲೊಂದು ಉತ್ತರ ಅವರತ್ತ ವಾಲಿತು. ಸರಿ ಹೇಳುವ ಒಬ್ಬ ಜೊತೆಗಾರ ಸಿಕ್ಕಾಗ ಬಹಳ ಇಳಿಯಿತು.

ಸಾಲ ಮಂಜೂರಾಯಿತು. ಮುಂದಿನ ವಾರದಿಂದ ಕಿರಿಯರಿಂದಲೇ ಮಾತು ಶುರು. ದೊಡ್ಡವ್ವನಿಗೆ ಸ್ವಲ್ಪ ಮುನಿಸೇ.