ಬೈಸಿಕೊಳ್ಳುವ ಭಾಗ್ಯ

ಬೆನ್ನಿಗೆ ಚೀಲವೇರಿಸಿಕೊಂಡು ಅಗ್ಗದ ಬಿಡಾರವನ್ನರಸುತ್ತ ಪರದೇಶದಲ್ಲಿ ಅಲೆಯುವವನಿಗೆ ಅಲ್ಲಿನ ಜನರಿಂದ ಎರಡು ಬಗೆಯ ಸಂಕಟ ಒದಗುವುದುಂಟು: ಅನಾದರದ್ದು ಒಂದು, ಆದರದ್ದು ಇನ್ನೊಂದು. ಮೊದಲನೆಯದನ್ನು ಕುರಿತು ಪ್ರವಾಸಿಗಳು ಬೇಕಾದಷ್ಟು ವಿಲಪಿಸಿದ್ದಾರೆ. ಎರಡನೆಯದರ ಸ್ವರೂಪ ನನಗೆ ತಿಳಿದುದು ಜಪಾನಿನ ಕ್ಯೋಟೋದಲ್ಲಿ. 794ರಲ್ಲಿ ರಾಜಧಾನಿಯಾಗಿ, ಸಾವಿರ ವರುಷಕ್ಕೂ ಮೀರಿ ಚಕ್ರವರ್ತಿಗಳ ನೆಲೆಯಾಗಿದ್ದು, ಬಂದವರನ್ನು ಆದರದಿಂದ ಬರಮಾಡಿಕೊಂಡೂ ಹೊಸಿಲಾಚೆಯೇ ನಿಲ್ಲಿಸಿಕೊಳ್ಳುವ ವಿದ್ಯೆಯಲ್ಲಿ ಪಾರಂಗತವಾದ ನಗರದಲ್ಲಿ.

ಅಲ್ಲಿಯ ನಗರಸಾರಿಗೆಯ ಬಸ್ಸನ್ನೇ ತೆಗೆದುಕೊಳ್ಳಿ. ಹಿಂಬಾಗಿಲಿನಿಂದ ಹತ್ತಿ ಮುಂಬಾಗಿಲಿನಿಂದ ಇಳಿಯತಕ್ಕದ್ದು. ಊರ ನಡುವಣ ಪ್ರದೇಶದಲ್ಲಿ ಎಷ್ಟು ದೂರ ಹೋದರೂ 230 ಯೆನ್, ಅದನ್ನು ತೆರುವುದು ಇಳಿಯುವಾಗ. ಚಾಲಕನ ಪಕ್ಕದ ಪೆಟ್ಟಿಗೆ ಬಾಕಿಯನ್ನು ಹಿಂದಿರುಗಿಸದಾದ್ದರಿಂದ, ಬಲ್ಲವರು ಮೊದಲೇ ನೋಟನ್ನು ಚಿಲ್ಲರೆ ಮಾಡಿಸಿಕೊಂಡು ಸರಿಯಾದ ನಾಣ್ಯಗಳನ್ನು ಅಂಗೈಯಲ್ಲಿ ಹಿಡಿದಿರುತ್ತಾರೆ. ಪರದೇಶಿಯೊಬ್ಬನು, ನಡುವೆ ತೂತುಳ್ಳ, ನಾವು ಬಲ್ಲ ಅಂಕೆಯೊಂದೂ ಇಲ್ಲದ ಹಿತ್ತಾಳೆಯ ಬಿಲ್ಲೆ ಎಷ್ಟರದೆಂದು ತಿರುಗಿಸಿ ತಿರುಗಿಸಿ ನೋಡುತ್ತ ನಿಂತಷ್ಟು ಹೊತ್ತೂ ಹಿಂದಿನ ಸಾಲು ಉಸಿರೆತ್ತದೆ ಕಾಯುತ್ತದೆ. ಚಾಲಕನು ಎಲ್ಲರಿಗೂ ಹೇಳುವ ಧನ್ಯವಾದವನ್ನು ಅವನಿಗೂ ಹೇಳಿಯೇ ಬೀಳ್ಕೊಡುತ್ತಾನೆ. ನಮ್ಮ ಬೆಂಗಳೂರಿನಲ್ಲಾಗಿದ್ದರೆ ‘ಚಿಲ್ಲರೆ ಕೊಡ್ರೀ’ ಎಂದು ಕಂಡಕ್ಟರು ಕೂಗುವಷ್ಟರೊಳಗೆ ಬಸ್ಸಿನ ಅರ್ಧ ಜನ ಆ ವ್ಯಾಜ್ಯದಲ್ಲಿ ಪಕ್ಷ ಹಿಡಿದಾಗಿರುತ್ತಿತ್ತು.

ಊಟದ ವಿಷಯದಲ್ಲಿಯೂ ಹೀಗೆಯೇ. ಮೀನು ತಿನ್ನದವನೆಂದು ತಿಳಿಸಿದೊಡನೆ ನೂಡಲ್ಸಿನಂಗಡಿಯ ಅಜ್ಜಿ ತನ್ನ ಸಾರಿಗೆ ಒಣಮೀನಿನ ರಸವೇ ಆಧಾರವೆಂಬುದು ತನ್ನದೇ ಅಪರಾಧವೆಂಬಂತೆ ಮತ್ತೆ ಮತ್ತೆ ತಲೆಬಾಗಿದಳು. ಹಸಿದವನಾದ ನಾನೇ ಆಕೆಯನ್ನು ಸಮಾಧಾನಪಡಿಸಬೇಕಾಯಿತು. ಅಂದಿನ ಊಟ ಇಡೀ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯ ಅನ್ನದುಂಡೆ. ಅದರ ಪ್ಲಾಸ್ಟಿಕ್ ಹೊದಿಕೆಯ ಮೇಲೆ 1, 2, 3 ಎಂದು ಗುರುತಿಸಿದ ತುದಿಗಳನ್ನು ಅದೇ ಕ್ರಮದಲ್ಲಿ ಎಳೆದರೆ, ಅನ್ನದ ತೇವ ತಾಗದಂತೆ ಬೇರೆಯಾಗಿಟ್ಟಿದ್ದ ಕಡಲಪಾಚಿಯ ಹಾಳೆ ಗರಿಗರಿಯಾಗಿ ಉಂಡೆಯನ್ನು ಸುತ್ತಿಕೊಳ್ಳುತ್ತದೆ; ಒಳಗೆ ಉಪ್ಪಿನಲ್ಲಿ ಹಾಕಿದ ಹುಳಿಹಣ್ಣು. ತಿಂದಾದ ಮೇಲೆ ಹೊದಿಕೆಯನ್ನು ಎಸೆಯೋಣವೆಂದರೆ ಬೀದಿಯಲ್ಲಿ ತೊಟ್ಟಿಯೇ ಕಾಣದು. 1995ರಲ್ಲಿ ಟೋಕಿಯೋದ ಸುರಂಗರೈಲುಗಳಲ್ಲಿ ವಿಷಾನಿಲದ ದಾಳಿ ನಡೆದ ತರುವಾಯ ದೇಶದ ಅನೇಕ ಸಾರ್ವಜನಿಕ ಸ್ಥಳಗಳಿಂದ ಕಸದ ತೊಟ್ಟಿಗಳು ಮಾಯವಾದುವಂತೆ. ಊರಿನವರು ತಮ್ಮ ಕಸವನ್ನು ತಮ್ಮ ಚೀಲದಲ್ಲಿಯೇ ಮನೆಗೆ ಒಯ್ಯುತ್ತಾರೆ; ನಾನೂ ಒಯ್ದೆ. ಯಾರೂ ಹೇಳಲಿಲ್ಲ, ಯಾರೂ ತಡೆಯಲಿಲ್ಲ.

ಈ ಆದರದ ಮರ್ಮ ನನಗೆ ಹೊಳೆದುದು ಬೀದಿಯ ಸ್ನಾನಗೃಹವೊಂದರಲ್ಲಿ. ಅಲ್ಲಿ ಗಿಡ್ಡ ಪೀಠದ ಮೇಲೆ ಕುಳಿತು ಮೈಯನ್ನು ಚೆನ್ನಾಗಿ ಉಜ್ಜಿ ತೊಳೆದ ಬಳಿಕವೇ ಬಿಸಿನೀರಿನ ತೊಟ್ಟಿಗಿಳಿಯಬೇಕು. ಕೈಯಲ್ಲಿರುವ ಚಿಕ್ಕ ಟವಲು ನೀರಿಗೆ ಸೋಕಕೂಡದೆಂದು ಅದನ್ನು ಮಡಿಸಿ ನೆತ್ತಿಯ ಮೇಲಿರಿಸಿಕೊಳ್ಳುವುದು ವಾಡಿಕೆ. ಆ ಸಂಜೆ ಯೂರೋಪಿನ ತರುಣನೊಬ್ಬನು ತನ್ನದನ್ನು ನಿಶ್ಚಿಂತೆಯಿಂದ ನೀರಿನಲ್ಲದ್ದಿದನು. ಎದುರಿನ ವೃದ್ಧನು ಮುಗುಳ್ನಕ್ಕು ಬೇರೆ ಕಡೆ ನೋಡಿದನು. ಸ್ವಲ್ಪ ಹೊತ್ತಿನಲ್ಲಿ ಊರಿನ ಹುಡುಗನೊಬ್ಬನು ಅದನ್ನೇ ಮಾಡಲು, ಅದೇ ವೃದ್ಧನ ಗಂಟಲಿನಿಂದ ಸ್ನಾನಗೃಹವೆಲ್ಲ ಮೊಳಗುವಂಥ ಗದರಿಕೆ ಹೊರಟಿತು. ಹುಡುಗನು ನಾಚಿ ಟವಲನ್ನು ಹಿಂಡಿ ತಲೆಯ ಮೇಲಿಟ್ಟುಕೊಂಡನು. ಮರುಕ್ಷಣವೇ ಅವರಿಬ್ಬರೂ ಲೋಕಾಭಿರಾಮವಾಗಿ ಹರಟತೊಡಗಿದರು. ನನಗೆ ಆ ಹುಡುಗನ ಮೇಲೆ ಅಸೂಯೆಯುಂಟಾಯಿತು. ನಾವು ಪರದೇಶಿಗಳು ಅಲ್ಲಿ ಹಬ್ಬಕ್ಕೆ ಬಂದ ಹೊಸ ಅಳಿಯಂದಿರಂತೆ. ನಾವು ಮಾಡಿದ್ದೆಲ್ಲ ಸರಿ, ಏಕೆಂದರೆ ಹಬ್ಬ ಮುಗಿದೊಡನೆ ಹೊರಡುವವನನ್ನು ತಿದ್ದಿ ಪ್ರಯೋಜನವೇನು?

ಹಾಗೆ ಹೊರಡದೆ ಉಳಿದುಕೊಂಡ ಪರದೇಶಿಗಳನ್ನೂ ಅದೇ ಊರಿನಲ್ಲಿ ಕಂಡೆ. ಸಂಜೂಸಂಗೆನ್‌ದೋ ಎಂಬ ನೀಳ ಮಂದಿರದಲ್ಲಿ, 1266ರಲ್ಲಿ ಪುನರ್ನಿರ್ಮಿತವಾದ ಆ ಕಟ್ಟಡದೊಳಗೆ, ಬೋಧಿಸತ್ವ ಅವಲೋಕಿತೇಶ್ವರನ 1001 ವಿಗ್ರಹಗಳ ಕಾವಲಿಗೆ 28 ಪರಿವಾರದೇವತೆಗಳು ನಿಂತಿವೆ. ಅವುಗಳ ನಡುವೆ ನಮ್ಮ ಬ್ರಹ್ಮನೂ ಇಂದ್ರನೂ ಉಂಟು. ಕೊಕ್ಕು ರೆಕ್ಕೆಗಳ ಗರುಡನೂ ಇದ್ದು, ಕೊಳಲೂದುತ್ತಿದ್ದಾನೆ! ವಿಷ್ಣುವನ್ನು ಹೊತ್ತು ಹಾರತಕ್ಕವನಿಗೆ ಇಲ್ಲಿ ವಾದ್ಯದ ಊಳಿಗ. ಆ ನಾಡು ಅವನಿಗೆ ಉಪಚಾರ ಮಾಡಿ ಕಳುಹಿಸದೆ, ಹೆಸರನ್ನು ತನ್ನ ನಾಲಗೆಗೆ ಹೊಂದುವಂತೆ ಮಾರ್ಪಡಿಸಿ, ಕೆಲಸಕ್ಕೆ ಹಚ್ಚಿ, ತನ್ನವನನ್ನಾಗಿಸಿಕೊಂಡಿದೆ. ಶತಮಾನಗಳ ಕಾಲ ಒಂದೆಡೆ ನಿಲ್ಲುವ ಸಾವಕಾಶ ಅವನಿಗಿತ್ತು. ವೀಸಾದ ಅವಧಿಯೊಳಗೆ ನನ್ನಂಥವನಿಗೆ ದಕ್ಕತಕ್ಕದ್ದು ಕ್ಷಮೆಯಷ್ಟೇ. ಅದನ್ನು ಅಳಿಯತನದ ಗಾಂಭೀರ್ಯದಿಂದ ಸ್ವೀಕರಿಸಿ, ಅತ್ತೆಯ ಮನೆಯವರಿಗೆ ಬೇಸರ ಬರುವ ಮುನ್ನ ಹೊರಡುವುದೇ ಲೇಸು.